ಬಲ್ಬಿಗೆ ಬಳಿದ ವಿಭೂತಿ

ಸುರಪುರದ ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರರದು ಒಂದೇ ಮಾತು: "ಮೊದಲ ಅಳದು ನೋಡ್ರಿ, ಆಮ್ಯಾಲ ಬೈರಿ." ನಿಜಾಮರ ಆಳ್ವಿಕೆ ಮುಗಿದು, ಉರ್ದುವಿನಲ್ಲಿ ಕಲಿಸಿದ ಪಾಠವನ್ನೇ ಅವರು ಕನ್ನಡದಲ್ಲಿ ಕಲಿಸತೊಡಗಿದ್ದ ವರ್ಷಗಳವು. ಸೀಮೆಸುಣ್ಣ ಸದಾ ಕಿವಿಯ ಮೇಲೆ. ಶುಕ್ರವಾರ ನಮಾಜಿಗೆ ಹೊರಟಾಗಲೂ ಅದು ಅಲ್ಲೇ ಇರುತ್ತಿತ್ತು.

ಶಾಲೆಗೆ ಕರೆಂಟು ಬಂದ ಸಂಜೆ ಊರಿನ ಸಾಹುಕಾರರು ಹೊಸ ಬಲ್ಬಿನ ಸುತ್ತಲೂ ಕೈಯಾರೆ ದಪ್ಪಗೆ ವಿಭೂತಿ ಬಳಿದು ಕಾಯಿ ಒಡೆದರು. ಸ್ವಿಚ್ಚು ಒತ್ತಿದರೆ ಕಂದೀಲಿನಷ್ಟೇ ಮಂಕು ಬೆಳಕು.

"ಹೊಸ ಸರಕಾರದ ಕರೆಂಟಿನ್ಯಾಗ ದಮ್ಮಿಲ್ಲ," ಎಂದರು ಸಾಹುಕಾರರು.

"ಈ ಮಾಸ್ತರ ತಂತಿ ತಪ್ಪು ಜೋಡಿಸ್ಯಾನ," ಎಂದು ಹಿಂದಿನಿಂದ ಯಾರೋ ಕೂಗಿದರು.

ಮಾಸ್ತರರು ಮೀಟರು ಜೋಡಿಸಿ ಹಲಗೆಯ ಮೇಲೆ ಬರೆದರು: ಇನ್ನೂರು ವೋಲ್ಟು, ಅರ್ಧ ಆಂಪಿಯರು.

"ಭಾಗಿಸಿದ್ರ ಬಲ್ಬಿನ ತಡೆ ನಾನೂರು ಓಮು. ಗುಣಿಸಿದ್ರ ಶಕ್ತಿ ನೂರು ವ್ಯಾಟು. ಬಲ್ಬಿನ ಡಬ್ಬಿ ಮ್ಯಾಲೂ ನೂರಂತ ಬರದದ. ತಂತಿನೂ ಸರಿ ಅದ, ಕರೆಂಟೂ ಸರಿ ಅದರಿ."

"ಹಂಗಾರ ಬೆಳಕು ಎಲ್ಲಿ ಹೋತು?" ಸಾಹುಕಾರರು ಕೇಳಿದರು.

ಮಾಸ್ತರರು ಬಲ್ಬನ್ನು ಮುಟ್ಟಲಿಲ್ಲ. ಸ್ವಿಚ್ಚು ಆರಿಸಿ, ಒರೆಸಲೆಂದು ಜೇಬಿನಿಂದ ಒಗೆದ ದಸ್ತಿ ತೆಗೆದು ಸಾಹುಕಾರರ ಕೈಗಿಟ್ಟರು. "ಬಿಸಿ ಆರಲಿ. ವಿಭೂತಿ ನೀವ ಹಚ್ಚೀರಿ, ನೀವ ತಗೀಬೇಕ್ರಿ."

ಸಾಹುಕಾರರು ದಸ್ತಿ ಬಳಸಲಿಲ್ಲ. ಬಲ್ಬು ತಣ್ಣಗಾದ ಮೇಲೆ ವಿಭೂತಿಯನ್ನೆಲ್ಲ ಬೆರಳಿನಿಂದ ತೆಗೆದು ತಮ್ಮ ಹಣೆಗೇ ಹಚ್ಚಿಕೊಂಡರು. ಮತ್ತೆ ಸ್ವಿಚ್ಚು ಒತ್ತಿದಾಗ ಕೋಣೆಯ ಮೂಲೆಮೂಲೆಗೂ ಬೆಳಕಾಯಿತು. ಮಾಸ್ತರರು ಬಿಳಿ ದಸ್ತಿಯನ್ನು ಮರಳಿ ಪಡೆದು ಮಡಚಿ ಜೇಬಿಗಿಟ್ಟುಕೊಂಡರು.

ಅಳೆದದ್ದಾಗಿತ್ತು. ಬೈಯುವುದೊಂದು ಉಳಿದಿತ್ತು, ಅದನ್ನು ಅವರು ಮಾಡಲೇ ಇಲ್ಲ.