ಎಮ್ಮೆ ಕೊಟ್ಟಿಗೆಗೆ ಬಂದ ಲಂಕೆಯವರು

ನಾನು ಚಿಕ್ಕವನಿದ್ದಾಗ, ಅಂದರೆ ಮಕ್ಕಳೇ, ನಿಮ್ಮಷ್ಟೇ ಎತ್ತರವಿದ್ದಾಗ, ಊಟಿಯಿಂದ ಮಂಜೂರಿಗೆ ಹೋಗುವ ರಸ್ತೆಯ ಮೇಲ್ಗಡೆ ನಮ್ಮ ಹಟ್ಟಿಯಿತ್ತು. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಬೆಚ್ಚನೆಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ಹೊರಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬಿದ್ದಿರುತ್ತಿತ್ತು. ಅಪ್ಪ ಬಿದಿರಿನ ಕೊಳವೆಯಲ್ಲಿ ಹಾಲು ಕರೆಯುತ್ತಿದ್ದ. ನೊರೆಯನ್ನು ಬೆರಳಲ್ಲಿ ತೆಗೆದು ನನ್ನ ತುಟಿಗೆ ಒರೆಸುತ್ತಿದ್ದ. ಸಂಜೆ ಅಕ್ಕ ಅಂಗಳದ ಅಂಚಿಗೆ ನಿಂತು "ಬಾ" ಎಂದು ಎಳೆದು ಕೂಗಿದರೆ ಸಾಕು, ಗುಡ್ಡದ ಮೇಲಿದ್ದ ಎಮ್ಮೆಗಳೆಲ್ಲ ತಲೆಯೆತ್ತಿ ಇಳಿದು ಬರುತ್ತಿದ್ದವು.

ಆಮೇಲೆ ಎಮ್ಮೆಗಳಿಗೆ ಗುಡ್ಡವೇ ಇಲ್ಲದಂತಾಯಿತು. ಮೇಲಿನ ಅರ್ಧಕ್ಕೆ ಸರ್ಕಾರದವರು ಕರ್ಪೂರದ ಮರ ನೆಟ್ಟರು. ನೀವು ಅದನ್ನು ನೀಲಗಿರಿ ಮರ ಅನ್ನುತ್ತೀರಿ. ಅದರ ಕೆಳಗೆ ಹುಲ್ಲು ಏಳಲಿಲ್ಲ. ಕೆಳಗಿನ ಅರ್ಧಕ್ಕೆ ನಾವೇ ಚಹಾ ಗಿಡ ಹಾಕಿದೆವು. ಹೊಸದಾಗಿ ಫ್ಯಾಕ್ಟರಿ ಬಂದಿತ್ತು, ಎಲೆ ಒಯ್ಯಲು ಲಾರಿ ಬರುತ್ತಿತ್ತು, ಹಟ್ಟಿಯವರೆಲ್ಲ ಹಾಕಿದ್ದರು. ಚಹಾ ಎಲೆಯನ್ನು ಎಮ್ಮೆ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಅವುಗಳ ಪಕ್ಕೆಲುಬು ಕಾಣತೊಡಗಿದಾಗ ಅಪ್ಪ ಮಸಿನಗುಡಿಯ ಒಬ್ಬ ದನದ ವ್ಯಾಪಾರಿಗೆ ಹೇಳಿ ಕಳಿಸಿದ.

ಅವನು ಬಂದದ್ದು ಮಂಜು ಕವಿದ ಒಂದು ಬೆಳಿಗ್ಗೆ. ಎಮ್ಮೆಗಳು ಕೊಟ್ಟಿಗೆಯಿಂದ ಹೊರಗೆ ಬಂದವು. ಆದರೆ ಮುಂದಿನ ದೊಡ್ಡೆಮ್ಮೆ ಅಂಗಳ ದಾಟಲಿಲ್ಲ. ಅವನು ಕೋಲು ಎತ್ತಿದ.

"ಹೊಡೀಬೇಡ. ಅದು ಏಟು ತಿಂದದ್ದಿಲ್ಲ," ಅಂದ ಅಪ್ಪ.

"ಮತ್ತೆ ಹೆಂಗೆ ಹೊಡ್ಕೊಂಡು ಹೋಗಲಿ, ಗೌಡ್ರೇ? ಘಾಟಿ ಇಳೀಬೇಕು."

ಅಪ್ಪ ಅಕ್ಕನ ಕಡೆ ನೋಡಿದ. ಅಕ್ಕ ದಾರಿಗಿಳಿದು ಮುಂದೆ ನಡೆದಳು. "ಬಾ" ಎಂದಳು. ಎಂದಿನ ಕೂಗಲ್ಲ, ಮೆಲ್ಲಗೆ. ದೊಡ್ಡೆಮ್ಮೆ ಅವಳ ಹಿಂದೆ ಹೊರಟಿತು. ಉಳಿದವು ಅದರ ಹಿಂದೆ. ನಾನು ಎಲ್ಲರ ಹಿಂದೆ.

ರಸ್ತೆಯ ತಿರುವಿನಲ್ಲಿ ಅಕ್ಕ ಪಕ್ಕಕ್ಕೆ ಸರಿದು ನಿಂತಳು. ಎಮ್ಮೆಗಳು ಅವಳನ್ನು ದಾಟಿಕೊಂಡು ಹೋದವು. ಗೊರಸಿನ ಸದ್ದು ಮಂಜಿನಲ್ಲಿ ಸ್ವಲ್ಪ ಹೊತ್ತು ಕೇಳಿಸಿ ನಿಂತಿತು. ನನಗೆ ಅಳು ಬರುತ್ತದೆ ಅಂದುಕೊಂಡು ಕಾದೆ. ಬರಲಿಲ್ಲ. ಕಾಲು ಮರಗಟ್ಟಿತ್ತು, ಅಷ್ಟೇ.

"ನಾ ಕರೆದದ್ದಕ್ಕೇ ಹೋಯಿತು," ಅಂದಳು ಅಕ್ಕ.

ನಾವು ಮನೆ ಮುಟ್ಟುವಷ್ಟರಲ್ಲಿ ಅಪ್ಪ ಆಗಲೇ ಕೊಟ್ಟಿಗೆ ಗುಡಿಸಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಚಹಾ ತೋಟಕ್ಕೆ ಆಳು ಬೇಕಿತ್ತು. ಲಂಕೆಯಿಂದ ಬಂದ ಒಂದು ಕುಟುಂಬಕ್ಕೆ ಇರಲು ಜಾಗ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ. ಅವರ ಅಜ್ಜಂದಿರು ಯಾವುದೋ ಕಾಲದಲ್ಲಿ ತಮಿಳು ಸೀಮೆಯಿಂದ ಲಂಕೆಯ ಚಹಾ ತೋಟಗಳಿಗೆ ಹೋದವರಂತೆ. ಈಗ ಎರಡೂ ಕಡೆಯ ಸರ್ಕಾರದವರು ಮಾತಾಡಿಕೊಂಡು ಇವರನ್ನು ವಾಪಸ್ಸು ಕಳಿಸಿದ್ದರು. ಕತ್ತಲಾಗುವ ಮುಂಚೆ ಗಂಡ, ಹೆಂಡತಿ, ಒಬ್ಬಳು ಪುಟ್ಟ ಹುಡುಗಿ ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಮೇಲೆ ಬಂದರು. ಚಳಿಗೆ ಹುಡುಗಿಯ ತುಟಿ ನೀಲಿಯಾಗಿತ್ತು.

ನಮ್ಮಲ್ಲಿ ಊಟಕ್ಕೆ ಹಿಟ್ಟು ಅನ್ನುತ್ತೇವಲ್ಲ. ಅಕ್ಕ ಹುಡುಗಿಯನ್ನು "ಹಿಟ್ಟು ತಿಂದಿಯಾ?" ಎಂದು ಕೇಳಿದಳು. ಅವಳಿಗೆ ಅರ್ಥವಾಗಲಿಲ್ಲ. ಅಕ್ಕ ಒಳಗೆ ಹೋಗಿ ರಾಗಿ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟಳು. ಆ ಹೆಂಗಸು ತಿನ್ನದೆ ಗೋಡೆಯ ಕಡೆ ನೋಡುತ್ತಿದ್ದಳು. ಹಸಿ ಸುಣ್ಣದ ಅಡಿಯಿಂದ ಎಮ್ಮೆಯ ವಾಸನೆ ಇನ್ನೂ ಬರುತ್ತಿತ್ತು.

"ಇಲ್ಲಿದ್ದ ಎಮ್ಮೆ ಎಲ್ಲಿ?" ಎಂದು ಅವಳು ತಮಿಳಿನಲ್ಲಿ ಕೇಳಿದಳು.

"ಕೊಟ್ಟುಬಿಟ್ಟೆವು. ಇವತ್ತೇ," ಅಂದಳು ಅಕ್ಕ.

"ನಾವು ಒಂದು ಹಸು ಬಿಟ್ಟು ಬಂದೆವು. ಗಬ್ಬದ ಹಸು. ಇಷ್ಟು ಹೊತ್ತಿಗೆ ಕರು ಹಾಕಿರುತ್ತೆ."

ಅಕ್ಕ ಅವಳ ಪಕ್ಕ ಕೂತಳು. ಮಾರನೆಯ ದಿನದಿಂದ ಇಬ್ಬರೂ ಒಂದೇ ಸಾಲಿನಲ್ಲಿ ಎಲೆ ಕಿತ್ತರು. ಅಕ್ಕ ಮದುವೆಯಾಗಿ ಹೋಗುವವರೆಗೂ ಕಿತ್ತರು.

ಆ ಪುಟ್ಟ ಹುಡುಗಿಯ ಮಕ್ಕಳು ಈಗ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುತ್ತಾರೆ. ನಮ್ಮ ತೋಟದಲ್ಲಿ ಜಾರ್ಖಂಡಿನವರು ಮಿಷನ್ ಹಿಡಿದು ಎಲೆ ಕತ್ತರಿಸುತ್ತಾರೆ. ನಿಮ್ಮ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಜಾರ್ಖಂಡಿನ ಹುಡುಗಿಯ ಜೊತೆ ಕುಂಟೆಬಿಲ್ಲೆ ಆಡುತ್ತಾ ನೀವು ಹಿಂದಿಯಲ್ಲಿ ಎಣಿಸುವುದನ್ನು ಕಲಿತಿದ್ದೀರಿ. ನನಗದು ಬಾರದು.

ಮೊನ್ನೆ ಅವಳ ಅಮ್ಮ ತೋಟದ ಕಟ್ಟೆಯ ಮೇಲೆ ಕೂತು ಊರಿಗೆ ವಿಡಿಯೋ ಕಾಲ್ ಮಾಡಿದ್ದಳಲ್ಲ, ನೀವೂ ಹೋಗಿ ಇಣುಕಿದಿರಿ. ಅಲ್ಲಿ ಯಾರೋ ಫೋನನ್ನು ಒಂದು ಕಪ್ಪು ಆಡಿನ ಮುಖಕ್ಕೆ ಹಿಡಿದರು. ಇವಳು ಅದರ ಹೆಸರು ಹಿಡಿದು ಕರೆದಳು. ಆಡು ಅತ್ತಿತ್ತ ನೋಡಿತು, ಕಿವಿ ಕೊಡವಿತು. ನೀವು ನಕ್ಕಿರಿ. ಅವಳು ಮತ್ತೆ ಕರೆದಳು.