ಲಾಡ್ಜ್ ಬೇಡವೆಂದ ಎದುರು ಮನೆಯವರು

ಹೆಗಲ ಮೇಲಿನ ಟವೆಲ್ ಝಾಡಿಸದೆ ನಮ್ಮ ಎದುರು ಮನೆಯವರು ಮಾತು ಶುರುಮಾಡಿದ್ದನ್ನು ನಾನು ಕಂಡಿಲ್ಲ. ಬನಹಟ್ಟಿಯ ನಮ್ಮ ಓಣಿಯಲ್ಲಿ ಸೀರೆ ಅಂಗಡಿಯ ಕಟ್ಟಡವನ್ನು ಮಾಲೀಕರು ಸಣ್ಣ ಲಾಡ್ಜ್ ಮಾಡಲು ಹೊರಟಾಗ ಆ ಟವೆಲ್‌ಗೆ ಬಿಡುವೇ ಇರಲಿಲ್ಲ.

“ಗುರ್ತಿಲ್ಲದ ಮಂದಿ ಬಂದು ಮಲಗತಾರ್ರಿ. ಓಣಿ ಮರ್ಯಾದಿ ಪ್ರಶ್ನಿ ಐತಿ” ಎಂದು ನನ್ನನ್ನು ಅರ್ಧ ಊಟದಲ್ಲಿ ಎಬ್ಬಿಸಿ ಪುರಸಭೆಗೆ ಎಳೆದೊಯ್ದರು. ಕೊನೆಗೆ ಮಾಲೀಕರೇ ಬೇಸತ್ತು ಕಟ್ಟಡಕ್ಕೆ ಕೀಲಿ ಹಾಕಿದರು.

ಮುಂದೆ ಎದುರು ಮನೆಯವರ ಮಗಳ ಮದುವೆ ಬಂತು. ಬೀಳಗಿಯ ಬೀಗರು ಟೆಂಪೋ ತುಂಬ ಬಂದು ನಮ್ಮ ಬಾಗಿಲಲ್ಲೇ ಇಳಿದರು.

“ನಮ್ಮವು ಎರಡ ಖೋಲಿ ಅದಾವ್ರಿ. ಇವರನ್ನ ಜಮಖಂಡಿ ಲಾಡ್ಜಿಗೆ ಕಳಸ್ರಿ” ಎಂದೆ.

ಅವರು ಟವೆಲ್ ಝಾಡಿಸಿದರು.

“ಬೀಗರನ್ನ ಲಾಡ್ಜಿನ್ಯಾಗ ಇಡಾಕ ಬರ್ತೈತೇನ್ರಿ? ಓಣಿ ಮರ್ಯಾದಿ ಪ್ರಶ್ನಿ ಐತಿ” ಎನ್ನುತ್ತ ನನ್ನ ದಿಂಬನ್ನೇ ಎತ್ತಿ, ನನಗೆ ಗುರುತೇ ಇಲ್ಲದ ಒಬ್ಬರ ಕೈಗೆ ಕೊಟ್ಟರು.