ಕುಡಿಯದೆ ಕೆಳಗಿಟ್ಟ ಕಾಫಿ

ಈ ಚಳಿಗೂ ಅವರು ಬಂದಿದ್ದಾರೆ. ಬೆಳಿಗ್ಗೆ ಎದ್ದು ನೋಡಿದರೆ ಕುರಿ ಮೇವಿಗೆ ಬೆಳೆದ ಕುದುರೆಮೆಂತೆಯ ಮಡಿಯ ನಡುವೆ ದಪ್ಪ ಟೈರಿನ ಎರಡು ಗೆರೆ. ಅರಬಾಬ ಬಂದು ಗೆರೆಯ ಪಕ್ಕ ನಿಂತು, ಉಗುಳಿ, "ಹೊರಗಿನವರು, ಕಳ್ಳರು" ಎಂದ. ಹೇಳಿ ನನ್ನ ಮುಖ ನೋಡಿದ. ಮೊದಲಾಗಿದ್ದರೆ ನಾನೂ ತಲೆ ಆಡಿಸಿ ಎರಡು ಮಾತು ಸೇರಿಸುತ್ತಿದ್ದೆ. ಈಗ ಪೈಪು ಎತ್ತಿಕೊಂಡು ಮುಂದಿನ ಮಡಿಗೆ ನೀರು ಬಿಡಲು ಹೋದೆ.

ಅರಬಾಬ ಎಂದರೆ ನಾನು ಕೆಲಸ ಮಾಡುವ ತೋಟದ ಮಾಲೀಕ, ಇಲ್ಲಿಯವನೇ ಆದ ಮುದುಕ. ಹೋದ ವರ್ಷದವರೆಗೂ ನಾನು ಈತನನ್ನು 'ಅವರು' ಎಂದೇ ಹೇಳುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ತೋಟ ಇರುವುದು ಅಲ್ ಶಮಾಲ್‌ನಲ್ಲಿ, ಕತಾರಿನ ಉತ್ತರದ ತುದಿಯಲ್ಲಿ. ಸೌತೆ, ಟೊಮ್ಯಾಟೊ ಬೆಳೆಯುವ ಬಲೆಯ ಮನೆಗಳು, ಒಂದಷ್ಟು ಕುರಿ, ಗೇಟಿನ ಪಕ್ಕ ಅತಿಥಿಗಳನ್ನು ಕೂರಿಸುವ ಉದ್ದನೆಯ ಮಜ್ಲಿಸ್ ಕೋಣೆ. ನಾನು ಗದಗಿನ ಕಡೆಯ ಎರೆನೆಲದವನು. ದೋಹಾದ ನಜ್ಮಾ ಬಡಾವಣೆಯ ಗಲ್ಲಿಯೊಂದರ ಬಂಕ್ ಮಂಚದಲ್ಲಿ ಕೆಲವು ವರ್ಷ ಮಲಗೆದ್ದು, ಆಮೇಲೆ ಇಲ್ಲಿ ಸೂಪರ್‌ವೈಸರ್ ಆಗಿ ಬಂದೆ. ಬಂದ ದಿನ ಅರಬಾಬ ಅರ್ಧ ಹಿಂದಿ ಅರ್ಧ ಅರಬ್ಬಿಯಲ್ಲಿ, "ಇದು ನಿನ್ನದೇ ಮನೆ, ನೀನು ನನ್ನ ಮಗ" ಎಂದಿದ್ದ. ನಂಬಿದ್ದೆ. ಹೊಟ್ಟೆಪಾಡಿಗೆ ಬಂದವನಿಗೆ ಇಂಥ ಮಾತು ಬೇಗ ನಾಟುತ್ತದೆ.

ಚಳಿಗಾಲದಲ್ಲಿ ಪಕ್ಕದ ದೇಶಗಳಿಂದ ಬೇಟೆಗಾರರು ಬರುತ್ತಾರೆ. ಕಣ್ಣಿಗೆ ಚರ್ಮದ ಟೋಪಿ ಹಾಕಿದ ಗಿಡುಗಗಳು, ಉದ್ದ ಕಾಲಿನ ನಾಯಿಗಳು, ಮನೆಯಷ್ಟು ದೊಡ್ಡ ಕಾರುಗಳು. ಅವರಿಗೆ ಬೇಕಾದದ್ದು ಹುಬಾರಾ ಎಂಬ ಹಕ್ಕಿ. ನಮ್ಮ ಊರ ಕಡೆ ಎರೆಭೂತ ಅನ್ನುತ್ತೇವಲ್ಲ, ಅದರ ತಮ್ಮನ ಹಾಗೆ ನೆಲದ ಮೇಲೆ ನಡೆದಾಡುವ ಬಡಪಾಯಿ. ಗಿಡುಗ ಬಿಟ್ಟು ಹಿಡಿಯುವುದು ಇಲ್ಲಿಯವರಿಗೂ ಪ್ರಾಣ. ಆದರೆ ಹೊರಗಿನಿಂದ ಬರುವವರಲ್ಲಿ ಕೆಲವರು ಮರುಭೂಮಿಯಲ್ಲಿ ಒಂದು ಪೆಟ್ಟಿಗೆ ಇಟ್ಟು ಬಿಡುತ್ತಾರೆ. ಅದು ಹಕ್ಕಿಯ ದನಿಯಲ್ಲಿ ಕೂಗುತ್ತಲೇ ಇರುತ್ತದೆ. ದೂರದಿಂದ ಹಾರಿ ಬಂದು ಸುಸ್ತಾದ ಹಕ್ಕಿ ತನ್ನವರು ಕರೆದರೆಂದು ಇಳಿದರೆ ಕತೆ ಮುಗಿಯಿತು. ಇದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು.

ಇಲ್ಲಿಯ ಜನ ಇವರನ್ನು ಬೈಯುವುದು ಕೇಳಬೇಕು. ಪೆಟ್ರೋಲ್ ಬಂಕಿನಲ್ಲಿ, ಮೇವಿನ ಅಂಗಡಿಯಲ್ಲಿ, ಮಸೀದಿಯ ಹೊರಗೆ ಚಪ್ಪಲಿ ಹುಡುಕುವಾಗ, ಎಲ್ಲ ಕಡೆ ಅದೇ ಮಾತು. "ತಮ್ಮ ನಾಡಿನ ಹಕ್ಕಿ ತಿಂದು ಮುಗಿಸಿದರು, ಈಗ ನಮ್ಮ ನಾಡಿಗೆ ಬಂದರು." ನಮ್ಮ ಅರಬಾಬ ಎಲ್ಲರಿಗಿಂತ ಜೋರು. "ನನ್ನಪ್ಪನ ಹತ್ತಿರ ಒಂದೇ ಗಿಡುಗ ಇತ್ತು. ಮನೆಗೆ ಸಾಕಾಗುವಷ್ಟು ಹಿಡಿಯುತ್ತಿದ್ದ, ಉಳಿದದ್ದನ್ನು ಬಿಡುತ್ತಿದ್ದ. ಇವರು ಬೇಟೆಗಾರರಾ?" ಎಂದು ಗಾಳಿಯಲ್ಲಿ ಕೈ ಬೀಸುತ್ತಿದ್ದ. ಆ ಮಾತು ನನಗೆ ಹಿಡಿಸುತ್ತಿತ್ತು. ಇವನು ನೆಲದ ಮೇಲೆ ಕರುಳಿರುವ ಮನುಷ್ಯ ಅಂದುಕೊಂಡಿದ್ದೆ.

ಒಂದು ಚಳಿಗೆ ಅವರ ನಾಯಿಗಳು ಬೇಲಿ ನುಸುಳಿ ಕುರಿಗಳನ್ನು ಅಟ್ಟಾಡಿಸಿದವು. ಗಬ್ಬದ ಕುರಿಯೊಂದು ಅಂದೇ ಕಂದು ಹಾಕಿತು. ಅರಬಾಬ ಬಂದು ನೋಡಿ ಕೆಂಡಾಮಂಡಲವಾದ. ಸಂಜೆಗೆ ಅದೇ ಕಾರುಗಳು ಮಜ್ಲಿಸ್ಸಿನ ಬಾಗಿಲಿಗೆ ಬಂದು ನಿಂತವು. ನೋಡುತ್ತೇನೆ, ಅರಬಾಬ ಹೊಸ್ತಿಲಿಗೆ ಓಡಿ ಬಂದು ಅವರ ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಳ್ಳುತ್ತಿದ್ದಾನೆ. ನನ್ನ ಕಡೆ ತಿರುಗಿ, "ಯಲ್ಲಾ, ಒಂದು ಟಗರು ಕಡಿಸು" ಎಂದ. ಇವರೇ ಅಲ್ಲವಾ ಎಂದು ಮೆಲ್ಲಗೆ ಕೇಳಿದೆ. "ಹೊಲದಲ್ಲಿ ಕಳ್ಳರು. ಬಾಗಿಲಿಗೆ ಬಂದ ಮೇಲೆ ಅತಿಥಿಗಳು" ಎಂದ. ಅವತ್ತೇ ನನಗೆ ಮೈ ಉರಿದಿತ್ತು. ಆದರೂ ದೊಡ್ಡವರ ರೀತಿ ಇರಬೇಕು ಎಂದು ನುಂಗಿಕೊಂಡೆ.

ಆ ಟಗರನ್ನು ಬೇಯಿಸಿದ್ದು ಕಾಕಾ. ಅವರು ಉಡುಪಿಯ ಕಡೆಯವರು, ಮನೆಮಾತು ತುಳು. ನನಗಿಂತ ಹಿರಿಯರು, ನನಗಿಂತ ಎಷ್ಟೋ ಮೊದಲು ಈ ತೋಟಕ್ಕೆ ಬಂದವರು. ನಾನು ನಮ್ಮ ಕಡೆಯ ರೂಢಿಯಂತೆ ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ಮಾರಾಯ್ರೆ ಅನ್ನುತ್ತಿದ್ದರು. ಅಡುಗೆ ಅವರದೇ, ಮಜ್ಲಿಸ್ಸಿನಲ್ಲಿ ಕಾಫಿ ಸುರಿಯುವುದೂ ಅವರೇ. ಊರಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಳು. ಅದು ಮುಗಿಯಲು ಇನ್ನೂ ಎರಡು ವರ್ಷ. ಅಲ್ಲಿಯವರೆಗೆ ಹೇಗಾದರೂ ಇಲ್ಲಿ ಇರಬೇಕು ಅನ್ನುವುದೊಂದೇ ಅವರ ಆಸೆ. ಈ ವಯಸ್ಸಿನಲ್ಲಿ ಊರಿಗೆ ಹೋದರೆ ಕೆಲಸ ಕೊಡುವವರು ಯಾರು ಎಂದು ಆಗಾಗ ಕೇಳುತ್ತಿದ್ದರು.

ಇಲ್ಲಿಯ ಕಾಫಿಯ ರೀತಿಗಳನ್ನು ನನಗೆ ಹೇಳಿಕೊಟ್ಟವರೂ ಅವರೇ. ಏಲಕ್ಕಿ ಹಾಕಿದ ಹಳದಿ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲು. ಸಾಕಾದರೆ ಬಟ್ಟಲನ್ನು ಅಲುಗಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಇನ್ನೊಂದು ರೀತಿ ಅಪರೂಪದ್ದು. ಅತಿಥಿಗೆ ಏನಾದರೂ ದೊಡ್ಡದು ಕೇಳುವುದಿದ್ದರೆ ಕಾಫಿ ಕುಡಿಯದೆ ಬಟ್ಟಲನ್ನು ಕೆಳಗಿಡುತ್ತಾನೆ. ಮನೆಯ ಯಜಮಾನ ಏನು ಎತ್ತ ಕೇಳದೆಯೇ, "ಕುಡಿ, ನೀನು ಕೇಳಿದ್ದು ಕೊಟ್ಟಾಯಿತು" ಅನ್ನಬೇಕು. ಅಂದಮೇಲೆ ತಪ್ಪುವ ಹಾಗಿಲ್ಲ. ಒಮ್ಮೆ ಅರಬಾಬನ ಜೊತೆ ಮುನಿಸಿಕೊಂಡಿದ್ದ ದಾಯಾದಿ ಹಾಗೆಯೇ ಬಟ್ಟಲು ಕೆಳಗಿಟ್ಟು, ಹಳೆಯ ಜಗಳ ಬಿಟ್ಟುಬಿಡು ಎಂದು ಕೇಳಿದ್ದನ್ನೂ ಇಬ್ಬರೂ ಅಪ್ಪಿಕೊಂಡದ್ದನ್ನೂ ನಾನೇ ಕಂಡಿದ್ದೆ. ಎಷ್ಟು ಒಳ್ಳೆಯ ಪದ್ಧತಿ ಎಂದು ಊರಿಗೆ ಫೋನ್ ಮಾಡಿ ಹೇಳಿದ್ದೆ ಕೂಡ.

ಹೋದ ಚಳಿಯ ಒಂದು ಶುಕ್ರವಾರ ನಾನು ದೋಹಾಕ್ಕೆ ಹೋಗಿ ಬಂದಾಗ ಕಾಕಾ ಅಡುಗೆಮನೆಯ ಬಾಗಿಲಲ್ಲಿ ಖುಷಿಯಾಗಿ ನಿಂತಿದ್ದರು.

"ಇವತ್ತು ಒಂದು ಪುಣ್ಯದ ಕೆಲಸ ಆಯ್ತು ಮಾರಾಯ್ರೆ. ಪುದೀನ ಕೊಯ್ಲಿಕ್ಕೆ ಹೋದ್ರೆ ಸೌತೆ ಮನೆಯ ಬಲೆಯಲ್ಲಿ ಗಿಡುಗ ತಲೆ ಕೆಳಗಾಗಿ ನೇತಾಡ್ತಾ ಉಂಟು. ಕಾಲಿಗೆ ಚರ್ಮದ ಪಟ್ಟಿ, ಬೆನ್ನಿಗೆ ಎಂಥದೋ ಸಣ್ಣ ಡಬ್ಬಿ, ಅದರ ವಯರು ಬಲೆಗೆ ಸುತ್ತಿಕೊಂಡಿತ್ತು. ಕತ್ತರಿ ತಂದು ಎಲ್ಲ ಕತ್ತರಿಸಿ ಬಿಟ್ಟೆ. ಗೋಡೆ ಮೇಲೆ ಸ್ವಲ್ಪ ಹೊತ್ತು ಕೂತು ಹಾರಿ ಹೋಯ್ತು."

ನಾನು ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. "ಅದು ಯಾರೋ ಸಾಕಿದ್ದು ಕಾಕಾ. ಬಲೆ ಕತ್ತರಿಸೋದ ಬಿಟ್ಟು ಪಟ್ಟಿ ಯಾಕ ಕತ್ತರಿಸಿದ್ರಿ? ಒಂದು ಬುಟ್ಟಿ ಮುಚ್ಚಿ ಇಟ್ಟಿದ್ರ ಸಾಕಿತ್ತಲ್ರಿ."

"ಗರುಡನ ಜಾತಿ ಅಲ್ವಾ ಅದು. ಊರಲ್ಲಿ ಆಕಾಶದಲ್ಲಿ ಕಂಡ್ರೆ ಸಾಕು, ಕೈ ಮುಗೀತೇವೆ. ಕಾಲಿಗೆ ಕಟ್ಟಿದ್ದು ಕಣ್ಣಾರೆ ಕಂಡು ಹಾಗೇ ಬಿಡುವುದು ಹೇಗೆ? ಯಾರಾದ್ರೂ ಕೇಳಿಕೊಂಡು ಬಂದ್ರೆ ಕೊಡುವ ಅಂತ ಆ ಡಬ್ಬಿ ತೆಗೆದಿಟ್ಟಿದ್ದೇನೆ."

ಡಬ್ಬಿಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಕಿಟಕಿಯಲ್ಲಿ, ಏಲಕ್ಕಿಯ ಪಕ್ಕ ಇಟ್ಟಿದ್ದರು. ಹಕ್ಕಿ ಎಲ್ಲಿದೆ ಎಂದು ಮಾಲೀಕನ ಮೊಬೈಲಿಗೆ ತಿಳಿಸುವ ಯಂತ್ರ ಅದು ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಕಾರುಗಳು ಬಂದವು.

ಅವರು ಯಾರನ್ನೂ ಏನೂ ಕೇಳಲಿಲ್ಲ. ಅವರ ಮುಖ್ಯಸ್ಥ, ಗಡ್ಡವನ್ನು ನೀಟಾಗಿ ಕತ್ತರಿಸಿಕೊಂಡಿದ್ದ ಆಸಾಮಿ, ಮೊಬೈಲು ನೋಡುತ್ತ ಬೂಟುಗಾಲಲ್ಲೇ ನಮ್ಮ ಅಡುಗೆಮನೆಗೆ ನುಗ್ಗಿ ಕಿಟಕಿಯಿಂದ ಡಬ್ಬಿ ಎತ್ತಿಕೊಂಡ. "ಹಕ್ಕಿ ಯಾರಿಗೆ ಮಾರಿದೆ?" ಎಂದು ಕಾಕಾರ ಕೊರಳಪಟ್ಟಿ ಹಿಡಿದ. ಕಾಕಾ ಬಲೆಯ ಕಡೆ ಕೈ ತೋರಿಸಿ ತಮಗೆ ಬಂದ ಅರಬ್ಬಿಯಲ್ಲಿ ಹೇಳಿದರು. ಕಳ್ಳನಲ್ಲದಿದ್ದರೆ ಡಬ್ಬಿ ಏಕೆ ಬಿಚ್ಚಿದೆ ಎಂದ ಅವನು. ಪಟ್ಟಿ ಬಿಚ್ಚುವುದೇ ಪುಣ್ಯ ಎಂದರೆ ಅವನಿಗೆ ಯಾವ ಭಾಷೆಯಲ್ಲಿ ತಿಳಿಸುವುದು? ನಾನು ನಡುವೆ ಹೋದದ್ದಕ್ಕೆ ನನ್ನನ್ನೂ ನೂಕಿದ.

ಸಂಜೆ ಅವರೆಲ್ಲ ಮಜ್ಲಿಸ್ಸಿನಲ್ಲಿ ಕೂತರು. ಅರಬಾಬ ಬಂದಿದ್ದ. ಮಧ್ಯಾಹ್ನ ಫೋನಿನಲ್ಲಿ ನಾನು ಎಲ್ಲ ಹೇಳಿದಾಗ, "ಅವರು ಹಾಗೆಯೇ, ಹೆದರಬೇಡ, ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ" ಎಂದಿದ್ದ. ಹಾಗಾಗಿ ನಾನು ಧೈರ್ಯವಾಗಿ ಬಾಗಿಲ ಬಳಿ ನಿಂತಿದ್ದೆ. ಕಾಫಿ ಸುರಿಯಲು ಬೇರೆ ಯಾರೂ ಇರಲಿಲ್ಲ. ಕೊರಳಪಟ್ಟಿಯ ಗುಂಡಿ ಕಿತ್ತುಹೋದ ಅಂಗಿಯಲ್ಲೇ ಕಾಕಾ ಎಡಗೈಲಿ ಕಾಫಿಯ ಕೂಜ, ಬಲಗೈಲಿ ಬಟ್ಟಲು ಹಿಡಿದು ಬಂದು, ಕೆಲವೇ ಗಂಟೆಗಳ ಹಿಂದೆ ತಮ್ಮ ಕುತ್ತಿಗೆಗೆ ಕೈ ಹಾಕಿದವನಿಗೇ ಮೊದಲು ಬಾಗಿ ಕೊಟ್ಟರು.

ಅವನು ಅದನ್ನು ಜಮಖಾನದ ಮೇಲಿಟ್ಟ.

ಅರಬಾಬನಿಗೆ ಗೊತ್ತಿತ್ತು. ಅವನು ಏನು ಕೇಳುತ್ತಾನೆ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಮುದುಕನ ಬಾಯಿ ತಡವರಿಸಲೂ ಇಲ್ಲ. "ಕುಡಿ, ನೀನು ಕೇಳಿದ್ದು ಕೊಟ್ಟಾಯಿತು."

"ನನಗೆ ಪೊಲೀಸು ಬೇಡ. ಈ ಮನುಷ್ಯನನ್ನು ಅವನ ದೇಶಕ್ಕೆ ಕಳಿಸು" ಎಂದು ಹೇಳಿ ಅವನು ಬಟ್ಟಲೆತ್ತಿ ಕುಡಿದ. ಕುಡಿದು ಮುಂದೆ ಚಾಚಿದ. ಕಾಕಾ ಮತ್ತೆ ಸುರಿದರು. ಅಷ್ಟು ವರ್ಷ ಸುರಿದ ಕೈ, ಬಟ್ಟಲು ಕಂಡರೆ ಬಾಗುತ್ತದೆ. ಆ ಹೊತ್ತು ನನಗೆ ಆ ಕೂಜ ಕಿತ್ತುಕೊಂಡು ಅವನ ತಲೆಯ ಮೇಲೆ ಬೋರಲು ಹಾಕಬೇಕು ಅನಿಸಿತ್ತು. ಹಾಕಲಿಲ್ಲ. ಆ ಸಿಟ್ಟು ಇವತ್ತಿಗೂ ಕೈಯಲ್ಲಿ ಹಾಗೇ ಉಳಿದಿದೆ.

ಮರುದಿನವೇ ಗಿಡುಗ ಸಿಕ್ಕಿತು. ಇನ್ನೊಂದು ತೋಟದ ನೀರಿನ ಟ್ಯಾಂಕಿನ ಮೇಲೆ ಹಸಿದು ಕೂತಿತ್ತಂತೆ, ಮಾಂಸದ ತುಂಡು ಬೀಸಿ ಕರೆದಾಗ ಇಳಿದು ಬಂತಂತೆ. ಅವರು ಅರಬಾಬನಿಗೆ ಹಕ್ಕಿಯ ಫೋಟೊ ಕಳಿಸಿ, ಡೇರೆ ಕಿತ್ತು, ಕಸವನ್ನು ಅಲ್ಲೇ ಬಿಟ್ಟು, ಗಡಿ ದಾಟಿ ಹೋದರು. ನನಗೆ ಹೋದ ಜೀವ ಬಂದಂತಾಯಿತು. ಓಡುತ್ತ ಅರಬಾಬನ ಹತ್ತಿರ ಹೋದೆ.

"ಹಕ್ಕಿ ಸಿಕ್ಕಿತಲ್ಲ, ಕಾಕಾ ಕದ್ದಿಲ್ಲ ಅಂತ ಗೊತ್ತಾಯಿತಲ್ಲ."

"ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಎಂದ. "ಆದರೆ ಮಾತು ಕೊಟ್ಟಾಗಿದೆ, ಖಲಾಸ್. ನಾಳೆಗೆ ಟಿಕೆಟ್ ಆಗಿದೆ."

"ಅವರನ್ನು ಕಳ್ಳರು ಅಂತ ನೀವೇ ಬೈಯುತ್ತಿದ್ದಿರಿ."

"ಕಳ್ಳರೇ. ಆದರೆ ನನ್ನ ಕಾಫಿ ಕುಡಿದ ಕಳ್ಳರು."

ನನ್ನ ತಲೆ ಕೆಟ್ಟುಹೋಯಿತು. ಎರಡು ದಿನಕ್ಕೆ ಬಂದು ನೆಲ ಹಾಳು ಮಾಡಿ ಹೋಗುವವನಿಗೆ ಮಾನ ಇದೆ. ಇಷ್ಟು ವರ್ಷ ಇವನ ಒಲೆಯ ಮುಂದೆ ಬೆಂದವರಿಗೆ ಟಿಕೆಟ್ ಇದೆ. ಹೊರಗಿನವರು ಎಂದು ಇವನು ಉಗುಳುವಾಗ ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದ್ದೆನಲ್ಲ, ಆ ಮಾತಿನೊಳಗೆ ನಾವೂ ಇದ್ದೇವೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಕಾಕಾ ಹೊರಡುವ ದಿನ ಬೆಳಿಗ್ಗೆ ಅರಬಾಬ ಒಬ್ಬನೇ ಮಜ್ಲಿಸ್ಸಿಗೆ ಬಂದ. ಮನಸ್ಸಿಗೆ ಏನೋ ಕೊರೆಯುತ್ತಿದ್ದಿರಬೇಕು, ನನ್ನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಕಾಕಾ ಇಬ್ಬರಿಗೂ ಕಾಫಿ ಸುರಿದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದೆ, ಏಕೆಂದರೆ ಹೀಗೊಂದು ಅವಕಾಶ ಸಿಕ್ಕರೆ ಏನು ಮಾಡಬೇಕು ಎಂದು ಯೋಚಿಸಿ ಇಟ್ಟಿದ್ದೆ. ಬಟ್ಟಲನ್ನು ತುಟಿಗೆ ತಾಗಿಸದೆ ಜಮಖಾನದ ಮೇಲೆ ಅವನ ಮುಂದೆ ಇಟ್ಟೆ. ಅವರದೇ ಪದ್ಧತಿ, ಅವರ ಹಾಗೆಯೇ ಮಾಡಿದೆ.

ಅರಬಾಬ ಬಟ್ಟಲನ್ನು ನೋಡಿದ. ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ, ದನಿ ಮೆತ್ತಗಿತ್ತು.

"ಅದು ಅತಿಥಿಗಳ ಪದ್ಧತಿ. ನೀನು ಅತಿಥಿಯಲ್ಲ."

"ಹಾಗಾದರೆ ಮನೆಯವನ ಮಾತು ಅಂತಾದರೂ ಕೇಳಿ. ಇದು ನಿನ್ನ ಮನೆ ಅಂದಿದ್ದಿರಿ."

ಅರಬಾಬ ತನ್ನ ಬಟ್ಟಲನ್ನು ಅಲುಗಾಡಿಸಿ ಸಾಕು ಎಂದು ತೋರಿಸಿ, ಎದ್ದು, "ಕುಡಿ, ಆರಿಹೋಗುತ್ತದೆ" ಎಂದು ಹೇಳಿ ಕಾರು ಹತ್ತಿ ಹೋದ.

"ಬಿಡಿ ಮಾರಾಯ್ರೆ, ನನ್ನಿಂದ ನಿಮಗೆ ತೊಂದರೆ ಬೇಡ" ಎಂದು ಕಾಕಾ ಬಾಗಿ ಬಟ್ಟಲಿಗೆ ಕೈ ಹಾಕಿದರು. ಆರಿದ ಕಾಫಿಯನ್ನು ಹಾಗೇ ಬಿಟ್ಟು ಅವರಿಗೆ ಅಭ್ಯಾಸವಿಲ್ಲ. ನಾನು ಅವರ ಕೈ ಹಿಡಿದು ತಡೆದೆ. "ಅಲ್ಲೇ ಇರ್ಲಿ ಕಾಕಾ. ನೀವು ಇನ್ನ ಇದನ್ನ ಮುಟ್ಟಬ್ಯಾಡ್ರಿ."

ವಿಮಾನ ನಿಲ್ದಾಣದಲ್ಲಿ ಅವರನ್ನು ಬಿಟ್ಟು ತೋಟಕ್ಕೆ ಮರಳಿ ಮಜ್ಲಿಸ್ಸಿನ ಬಾಗಿಲು ತೆರೆದಾಗ ಬಟ್ಟಲು ನಾನು ಇಟ್ಟಲ್ಲೇ ಇತ್ತು. ಕಾಫಿಯ ಮೇಲೆ ತೆಳ್ಳಗೆ ಮರಳಿನ ಧೂಳು ಕೂತಿತ್ತು. ತೊಳೆಯುವವರು ಊರಿನ ದಾರಿಯಲ್ಲಿದ್ದರು. ನಾನೇ ಎತ್ತಿಕೊಂಡು ಹೋಗಿ ಚೆಲ್ಲಿ, ತೊಳೆದು, ಬೋರಲು ಹಾಕಿದೆ.